ಕೀಲಿಗೂ ರಕ್ತಕ್ಕೂ ಪಂಚಾಯ್ತಿ

ಹೊನ್ನವ್ವನ ಬೆರಳುಗಳು ಬೆಳಿಗ್ಗೆ ಮಡಚುತ್ತಿರಲಿಲ್ಲ. ರೊಟ್ಟಿ ಬಡಿಯುವುದಿರಲಿ, ಮೆಣಸಿನಕಾಯಿಯ ತೊಟ್ಟು ಮುರಿಯುವುದಕ್ಕೂ ಬಿಸಿಲೇರಬೇಕಾಗಿತ್ತು. ಹಾವೇರಿಯ ಡಾಕ್ಟರ್ ಅರುಣಾ ರಕ್ತ ಪರೀಕ್ಷೆ ಮಾಡಿಸಿದರು.

"ಇದು ಸವದ ಕೀಲಿನ ಬ್ಯಾನಿ ಅಲ್ಲರಿ. ರಕ್ತದಾಗ ರೋಗ ತಡಿಯೋ ಕಾವಲು ಇರ್ತೈತಿ. ಅದ ದಾರಿ ತಪ್ಪಿ ನಿಮ್ಮ ಕೀಲಿನ ಒಳಪದರನ್ನ ವೈರಿ ಅಂತ ತಿಳದು ಹೊಡಿಯಾಕತ್ತೈತಿ. ಗುಳಿಗಿ ತಡಾ ಮಾಡಿದ್ರ ಎಲುಬು ಸವದು ಬೆರಳು ಸೊಟ್ಟ ಆಗ್ತಾವ. ಮತ್ತ ನೆಟ್ಟಗ ಆಗಂಗಿಲ್ಲ."

"ಯಾಕ ಹೊಡಿತೈತ್ರಿ?" ಎಂದು ಗಂಡ ಅಂದಾನೆಪ್ಪ ಕೇಳಿದ. ಕಾಗಿನೆಲೆ ಕಡೆಯ ಅವರ ಹಳ್ಳಿಗೆ ಅವನೇ ಹಿರಿಯ ಪಂಚ.

"ಮನೆತನದಿಂದ ಬಂದಿರಬಹುದು, ಬೀಡಿ ಹೊಗಿ ಇರಬಹುದು. ಇದ ಒಂದ ಕಾರಣ ಅಂತ ಹೇಳಾಕ ಬರಂಗಿಲ್ಲ."

ಕಾರಣವಿಲ್ಲದ ಜಗಳವನ್ನು ಅಂದಾನೆಪ್ಪ ಜನ್ಮದಲ್ಲಿ ಕಂಡಿರಲಿಲ್ಲ. ಊರಿಗೆ ಬಂದವನೇ ಗುಳಿಗೆಗಳನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ.

"ಮನಿ ಒಳಗಿನ ಜಗಳಕ್ಕ ಮೊದಲ ಪೊಲೀಸರನ್ನ ಕರೀತಾರೇನು? ಎರಡೂ ಕಡೆಯವರನ್ನ ಕೇಳೂಣು."

"ಕೈ ಸೊಟ್ಟಾದ ಮ್ಯಾಲೆ ಕೇಳ್ತೀರೇನು?" ಎಂದಳು ಹೊನ್ನವ್ವ.

ಮರುದಿನ ಬೆಳಿಗ್ಗೆ ಪಂಚರು ಸೇರಿ ಗುಡಿಕಟ್ಟೆಯ ಮೇಲೆ ಕಂಬಳಿ ಹಾಸಿ ಅವಳ ಬಲಗೈಯನ್ನು ಅದರ ಮೇಲೆ ಇಡಿಸಿದರು. ಕೀಲಿನ ಪರ ಅವಳೇ ಮಾತಾಡಬಹುದು. ರಕ್ತದ ಪರ ಯಾರು ಎಂಬುದಕ್ಕೆ ಹೊತ್ತು ಹಿಡಿಯಿತು. ಕೊನೆಗೆ ಹೊಲ ಕಾಯುವ ಮೈಲಾರೆಪ್ಪ ಎದ್ದ.

"ಕಾವಲುಗಾರನ ಸಂಕಟ ನನಗ ಗೊತ್ತು. ಮಬ್ಬಿನ್ಯಾಗ ಕಳ್ಳ ಅಂತ ನಮ್ಮ ಮಾವನ್ನ ಬಡದೇನಿ. ಮಾವ ಅಂತ ಗೊತ್ತಾದ ಮ್ಯಾಲೂ ಕೈ ನಿಂದರಲಿಲ್ಲ."

"ಮಾವ ಏನ್ ಮಾಡಿದ್ದ?" ಎಂದು ಹೊನ್ನವ್ವ ಕೇಳಿದಳು.

"ಏನೂ ಇಲ್ಲ. ಹೊಲದಾಗ ಇದ್ದ, ಅಷ್ಟ."

"ನನ್ನ ಕೀಲೂ ಅಷ್ಟ ಮಾಡ್ಯಾವು," ಎಂದಳು ಹೊನ್ನವ್ವ.

ಪಂಚರು ತಲೆದೂಗಿದರು. ರಕ್ತ ಹೊಡೆತ ನಿಲ್ಲಿಸಬೇಕು, ಕೀಲು ಊದಿಕೊಂಡು ಸೆಡವು ತೋರಿಸಬಾರದು, ಅಮಾವಾಸ್ಯೆ ಕಳೆದ ಮೇಲೆ ಗುಳಿಗೆಯ ಮಾತು ಎಂದು ತೀರ್ಪಾಯಿತು. ಒಪ್ಪಿದವರು ಕಂಬಳಿಯ ಮೇಲಿಟ್ಟ ವೀಳ್ಯದೆಲೆಯನ್ನು ಎತ್ತಿಕೊಳ್ಳುವುದು ಪದ್ಧತಿ. ಹತ್ತು ಜನರ ಮಾತು ಮೀರಲಾರದೆ ಹೊನ್ನವ್ವ ಕೈ ಚಾಚಿದಳು. ಎಲೆ ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು. ಕಂಬಳಿಯ ಅಂಚಿನವರೆಗೆ ಎಲೆ ಸರಿಯಿತೇ ಹೊರತು ಮೇಲೇಳಲಿಲ್ಲ. ಅಂದಾನೆಪ್ಪ ತಾನೇ ಎತ್ತಿಕೊಡಲು ಬಾಗಿದ.

"ಮುಟ್ಟಬ್ಯಾಡ್ರಿ ಗೌಡ್ರ," ಎಂದ ಮೈಲಾರೆಪ್ಪ. "ಅದು ಒತ್ತಾಯ ಆಗ್ತೈತಿ."

ಎಲೆ ಎತ್ತದ ನ್ಯಾಯ ನ್ಯಾಯವಲ್ಲವೆಂದು ಅಂದಾನೆಪ್ಪನೇ ಎಷ್ಟೋ ಮನೆಗಳಿಗೆ ಹೇಳಿಬಂದಿದ್ದ. ಬಾಗಿದವನು ಕೈ ಹಿಂದಕ್ಕೆ ತೆಗೆದ. ಆಮೇಲೆ ಹೊನ್ನವ್ವನ ಜೊತೆ ಮನೆಗೆ ಹೋಗಿ ಟ್ರಂಕು ತೆರೆದ. ಹಾಳೆಯಿಂದ ಗುಳಿಗೆ ಬಿಡಿಸಲೂ ಅವಳಿಗೆ ಬರಲಿಲ್ಲ. ಅವನೇ ಒತ್ತಿ ಅವಳ ಅಂಗೈಗೆ ಹಾಕಿದ.

"ರಕ್ತಕ್ಕ ಅನ್ಯಾಯ ಆತು," ಎಂದು ಗೊಣಗಿದ.

"ಆಗಲಿ. ನೀರು ಕೊಡ್ರಿ."