ಮುಚ್ಚಳದ ಒಳಗಿನ ಎರಡು ಸಾಲು

ಮೂವತ್ತೈದು ವರ್ಷ ಕಾರುಗಳಿಗೆ ಬಣ್ಣ ಹೊಡೆದವನಿಗೆ ಉಪ್ಪುಕಾಗದ ಹಿಡಿಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆ ಜಂಬವೇ ನನ್ನನ್ನು ಹಾಳು ಮಾಡಿತು.

ನಮ್ಮ ಶೆಡ್ಡಿನಲ್ಲಿ ಹಳೆಯ ಯುದ್ಧವಿಮಾನವೊಂದಿದೆ. ಭಾನುವಾರ ಬಂತೆಂದರೆ ಏಳೆಂಟು ಮಂದಿ ಸೇರಿ ಬಿಟ್ಟಿಯಾಗಿ ಅದನ್ನು ರಿಪೇರಿ ಮಾಡುತ್ತೇವೆ. ನನ್ನಣ್ಣ ವಾಯುಪಡೆಯಲ್ಲಿದ್ದಾಗ ಇದೇ ವಿಮಾನದ ಮೆಕ್ಯಾನಿಕ್; ನಿವೃತ್ತನಾದ ಮೇಲೆ ಇಲ್ಲಿಗೂ ಬರುತ್ತಿದ್ದ. ಅವನು ತೀರಿಕೊಂಡ ಮೇಲೆ ನಾನು ಬಂದು ಸೇರಿದೆ. ಅದಕ್ಕೆ ಮೊದಲು ಹನ್ನೆರಡು ವರ್ಷ ನಮ್ಮಿಬ್ಬರಿಗೂ ಮಾತಿಲ್ಲ. ನನ್ನ ಗ್ಯಾರೇಜಿನಲ್ಲಿ, ಗಿರಾಕಿಗಳ ಎದುರಿಗೇ, "ನಿಂದು ಯಾವಾಗ್ಲೂ ಇದೇ ಕಣೋ, ಉಜ್ಜೋದು ಮೊದಲು, ನೋಡೋದು ಆಮೇಲೆ" ಅಂದಿದ್ದ. ಆಚೆ ನಡಿ ಅಂದೆ. ಹೋದವನು ಮತ್ತೆ ಬರಲಿಲ್ಲ, ನಾನೂ ಕರೆಯಲಿಲ್ಲ.

ಶೆಡ್ಡಿನಲ್ಲಿ ಒಂದು ನಿಯಮ: ಬಿಚ್ಚಿದ ಭಾಗದ ಎರಡೂ ಬದಿಯ ಫೋಟೋ ತೆಗೆದು, ನಂಬರಿನ ಚೀಟಿ ಕಟ್ಟಿ, ಆಮೇಲೇ ಉಜ್ಜಬೇಕು. ತಂಡ ನೋಡಿಕೊಳ್ಳುವ ಮೇಷ್ಟ್ರು ಅದನ್ನೇ ಜಪ ಮಾಡುತ್ತಾರೆ. "ಮದುವೆ ಹೆಣ್ಣೇನ್ರೀ ಇದು, ಫೋಟೋ ಹೊಡೆಯೋಕೆ?" ಎಂದು ನಾನು ಗೇಲಿ ಮಾಡುತ್ತಿದ್ದೆ.

ಹೋದ ಭಾನುವಾರ ಎಂಜಿನ್ನಿನ ಪಕ್ಕದ ಮುಚ್ಚಳ ನನ್ನ ಪಾಲಿಗೆ ಬಂತು. ಒಳಬದಿಯಲ್ಲಿ ಪೆನ್ಸಿಲಿನ ಗೀಚು, ಎರಡು ಸಾಲು. ಯಾವುದೋ ಬೋಲ್ಟಿನ ಅಳತೆ ಇರಬೇಕು ಅಂದುಕೊಂಡೆ. ಕನ್ನಡಕ ಜೇಬಿನಲ್ಲೇ ಇತ್ತು, ಫೋಟೋನೂ ತೆಗೆಯಲಿಲ್ಲ. ತಗಡಿನಲ್ಲಿ ಮುಖ ಕಾಣುವ ಹಾಗೆ ಉಜ್ಜಿಬಿಟ್ಟೆ.

ಇವತ್ತು ಅತ್ತಿಗೆ ಬಂದರು. ಶೆಡ್ಡಿನೊಳಗೆ ಅವರು ಕಾಲಿಟ್ಟದ್ದು ಇದೇ ಮೊದಲು.

"ನಿಮ್ಮಣ್ಣ ಆಸ್ಪತ್ರೆಯಲ್ಲಿ ಹೇಳಿದ್ರು ಕಣಪ್ಪ. ಎಂಜಿನ್ ಪಕ್ಕದ ಮುಚ್ಚಳದ ಒಳಗೆ ನಿನಗೆ ಅಂತ ಏನೋ ಬರೆದಿದಾರಂತೆ. 'ನಾನು ಹೋದ್ಮೇಲೆ ಅವನು ಇಲ್ಲಿಗೆ ಬಂದೇ ಬರ್ತಾನೆ, ತಾನೇ ನೋಡ್ಲಿ, ನೀನು ಬಾಯಿ ಬಿಡಬೇಡ' ಅಂದ್ರು. ನೀನಾಗೇ ಹೇಳ್ತೀಯ ಅಂತ ಕಾದೆ. ಕಾದು ಕಾದು ಸಾಕಾಯ್ತು. ಏನು ಬರೆದಿದ್ರು?"

ಸುಳ್ಳು ಹೇಳಬಹುದಿತ್ತು, ಪಾಪ, ಅತ್ತಿಗೆ ನಂಬುತ್ತಿದ್ದರು.

"ಉಜ್ಜಿ ಹಾಕ್ಬಿಟ್ಟೆ ಅತ್ತಿಗೆ. ಓದ್ಲೇ ಇಲ್ಲ."

ಮೇಷ್ಟ್ರು ಫೋಟೋ ಎಲ್ಲಿ ಅಂತ ಕೇಳಲಿಲ್ಲ. ಸುಮ್ಮನೆ ಮುಚ್ಚಳ ತಂದುಕೊಟ್ಟರು. ಅತ್ತಿಗೆ ಅದನ್ನು ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ಓರೆ ಮಾಡಿ ನೋಡಿದರು.

"ಎಷ್ಟಿತ್ತು?"

"ಎರಡು ಸಾಲು."

"ಎರಡು ಸಾಲಾ!" ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ನನಗೆ ಅಷ್ಟುದ್ದ ಯಾವತ್ತೂ ಬರೆದೋರಲ್ಲ."

ಮುಚ್ಚಳವನ್ನು ನನ್ನ ಕೈಗಿಟ್ಟು ಹೊರಟರು. ಅಣ್ಣ ಬೈದು ಬರೆದಿದ್ದನೋ, ಮನೆಗೆ ಬಾರೋ ಅಂತ ಕರೆದಿದ್ದನೋ, ಇನ್ನು ಯಾರನ್ನು ಕೇಳಲಿ?