ಅಪ್ಪನ ಬಿಳಿ ನಿಲುವಂಗಿ

ಅಪ್ಪ ತೀರಿಕೊಂಡ ಮೇಲೆ ಅವಳು ಚರ್ಚಿಗೆ ಹೋಗುವುದನ್ನೇನೂ ಬಿಡಲಿಲ್ಲ. ಅಮ್ಮನ ಪಕ್ಕದಲ್ಲಿ ಕೂರುತ್ತಿದ್ದಳು, ಎಲ್ಲರ ಜೊತೆ ಏಳುತ್ತಿದ್ದಳು. ಹಾಡು ಶುರುವಾದರೆ ಮಾತ್ರ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಅಪ್ಪನ ದನಿಯಿಲ್ಲದ ಹಾಡು ಅವಳಿಗೆ ಬೇಡವಾಗಿತ್ತು. ಹದಿನೇಳರ ಹುಡುಗಿಯ ಹಟ. ಅಮ್ಮ ಬಲವಂತ ಮಾಡಲಿಲ್ಲ.

ಮನೆಯ ಮುಂದಿನ ಕೋಣೆಯೇ ಅಮ್ಮನ ಟೈಲರ್ ಅಂಗಡಿ. ಒಂದು ಮಧ್ಯಾಹ್ನ ಅಮ್ಮ ದಾರ ತರಲು ಹೋಗಿದ್ದಾಗ ಅವಳದೇ ವಯಸ್ಸಿನ ಹುಡುಗನೊಬ್ಬ ಬಂದ. ಊರಿಗೆ ಹೊಸಬ, ಕಡ್ಡಿಯಂಥ ಮೈ. ಕೈಯಲ್ಲಿ ಚರ್ಚಿನ ಹಾಡುಗಾರರು ತೊಡುವ ಬಿಳಿ ನಿಲುವಂಗಿ.

"ಪಾಸ್ಟರ್ ಕಳಿಸಿದ್ರು. ಭಾನುವಾರದಿಂದ ನಾನೂ ಹಾಡ್ತೀನಿ. ಇದರೊಳಗೆ ನನ್ನಂಥೋರು ಇಬ್ಬರು ಹಿಡಿಸ್ತಾರೆ. ಕತ್ತರಿಸಿ ಚಿಕ್ಕದು ಮಾಡಿ ಕೊಡ್ತೀರಾ?"

ಕಾಲರಿನ ಒಳಗೆ ಅಮ್ಮ ಅಪ್ಪನಿಗೆಂದು ಕೆಂಪು ದಾರದಲ್ಲಿ ಹಾಕಿದ್ದ ಗುರುತು ಕಂಡು ಅವಳು ಚಾಚಿದ್ದ ಕೈ ಹಿಂದಕ್ಕೆಳೆದುಕೊಂಡಳು.

"ಆಗಲ್ಲ. ನಮ್ಮಪ್ಪನ ಬಟ್ಟೆಗೆ ಕತ್ತರಿ ಹಾಕೋಕೆ ನಾನೇ ಸಿಕ್ಕಿದ್ನಾ?"

ಹುಡುಗ ನಾಲಿಗೆ ಕಚ್ಚಿಕೊಂಡ. "ಅಯ್ಯೋ, ನನಗೆ ಗೊತ್ತಿರಲಿಲ್ಲ. ಬೇಡ ಬಿಡಿ, ನಾನು ಹಾಕಿರೋ ಈ ಅಂಗಿಯಲ್ಲೇ ಹಾಡ್ತೀನಿ." ಬಾಗಿಲವರೆಗೆ ಹೋದವನು ನಿಂತ. "ನಮ್ಮಮ್ಮ ಹೋದಾಗ ಅವಳ ಶಾಲನ್ನ ಅಪ್ಪ ಯಾರಿಗೋ ಕೊಟ್ಟುಬಿಟ್ರು. ಅವರ ಹತ್ರ ಎಷ್ಟೋ ದಿನ ಮಾತು ಬಿಟ್ಟಿದ್ದೆ."

"ದೇವರ ಹತ್ರ?" ತಾನೇಕೆ ಕೇಳಿದೆನೋ ಅವಳಿಗೇ ತಿಳಿಯಲಿಲ್ಲ.

"ಅವನ ಹತ್ರ ದಿನಾ ಜಗಳ. ಮುನಿಸ್ಕೊಂಡ್ರೂ ಪ್ರಾರ್ಥನೆ ಬಿಡಬೇಡ ಅಂತಿದ್ಳು ಅಮ್ಮ. ಅದಕ್ಕೇ ಬೈಯೋದನ್ನೆಲ್ಲ ಬೈದು, ಆಮೆನ್ ಅಂತೀನಿ."

ಅವಳಿಗೆ ನಗು ಬಂತು. ನಕ್ಕು ಎಷ್ಟು ಕಾಲವಾಗಿತ್ತೋ.

"ಬಾ, ಅದನ್ನ ಹಾಕ್ಕೊಂಡು ಇಲ್ಲಿ ನಿಂತ್ಕೋ. ಅಲ್ಲಾಡಿದ್ರೆ ಪಿನ್ನು ಚುಚ್ಚುತ್ತೆ, ಆಮೇಲೆ ನನ್ನ ಬೈಬೇಡ."

ಅವಳು ಕತ್ತರಿ ಮುಟ್ಟಲಿಲ್ಲ. ಅಂಚನ್ನು ಒಳಕ್ಕೆ ಮಡಚಿ ಪಿನ್ನು ಸಿಕ್ಕಿಸುತ್ತಾ ಹೋದಳು. ಭುಜದ ಹತ್ತಿರ ಬಂದಾಗ ಇಬ್ಬರ ಕಣ್ಣೂ ಕೂಡಿ, ಇಬ್ಬರೂ ನೆಲ ನೋಡಿದರು. ಅಷ್ಟರಲ್ಲಿ ಅಮ್ಮ ಬಂದಳು. ನಿಲುವಂಗಿ ಕಂಡು ಅಮ್ಮನ ಕಣ್ಣು ತುಂಬಿತು. ಹತ್ತಿರ ಬಂದು ತೋಳನ್ನು ಸವರಿ, "ಇಲ್ಲಿ ಇನ್ನೊಂಚೂರು ಎತ್ತು," ಎಂದಳು, ಅಷ್ಟೇ.

ಭಾನುವಾರ ಹುಡುಗ ಆ ನಿಲುವಂಗಿ ತೊಟ್ಟು, ಒಬ್ಬನೇ ಹಾಡಲು ಗತ್ತಿನಿಂದಲೇ ನಿಂತ. ಎರಡನೇ ಸಾಲಿಗೇ ರಾಗ ಕೈಕೊಟ್ಟಿತು. ಹಿಂದೆ ಯಾರೋ ಕಿಸಕ್ಕೆಂದರು. ಅವನ ಕಿವಿ ಕೆಂಪಾಗಿ ಹಾಡು ಅಲ್ಲೇ ನಿಂತಿತು. ನೋಡುತ್ತಿದ್ದವಳಿಗೆ ತಡೆಯಲಾಗಲಿಲ್ಲ. ಅವನನ್ನೇ ನೋಡುತ್ತಾ ಆ ಸಾಲನ್ನು ಎತ್ತಿ ಹಾಡಿದಳು. ಮೊದಲು ದನಿ ಒಡೆಯಿತು, ಆಮೇಲೆ ದಾರಿಗೆ ಬಂತು. ಹುಡುಗ ಅದನ್ನು ಹಿಡಿದುಕೊಂಡು ಮುಂದುವರಿದ. ಅವಳ ಸಂಕಟವೇನೂ ಹೋಗಲಿಲ್ಲ, ಆದರೆ ಇಷ್ಟು ದಿನ ತಾನು ಬಾಯಿ ಮುಚ್ಚಿ ಕೂತಿದ್ದಾಗಲೂ ದೇವರು ಎದ್ದು ಹೋಗಿರಲಿಲ್ಲ ಎನ್ನಿಸಿತು.

ಹೊರಗೆ ಬಂದಾಗ ಅವನು ತಲೆ ಕೆರೆದುಕೊಂಡ. "ರಾಗ ಹೇಳಿಕೊಡ್ತೀಯಾ?"

"ಕಷ್ಟದ ಕೇಸು. ನೋಡೋಣ."

ಚರ್ಚಿನ ಹಿಂದೆ ಸಮಾಧಿಗಳಿದ್ದವು. ಅಪ್ಪನನ್ನು ಮಣ್ಣು ಮಾಡಿದ ದಿನದಿಂದ ಅವಳು ಅತ್ತ ತಲೆ ಹಾಕಿರಲಿಲ್ಲ. "ಸ್ವಲ್ಪ ಆ ಕಡೆ ಹೋಗಿ ಬರೋಣ್ವಾ?" ಎಂದಳು. ಅವನು ತಲೆಯಾಡಿಸಿದ. ಅಮ್ಮ ಗೇಟಿನ ಹತ್ತಿರ ಯಾರ ಜೊತೆಗೋ ಮಾತಿಗಿಳಿದು, ಬೇಕೆಂದೇ ತಡಮಾಡಿದಳು.

ಇಬ್ಬರೂ ಕುಕ್ಕರುಗಾಲಲ್ಲಿ ಕೂತು ಅಪ್ಪನ ಸಮಾಧಿಯ ಕಲ್ಲಿನ ಸುತ್ತ ಬೆಳೆದ ಹುಲ್ಲು ಕಿತ್ತರು. ಅಪ್ಪ ಸ್ನಾನದ ಮನೆಯಲ್ಲಿ ಹಾಡಲು ಶುರುಮಾಡಿದರೆ ಪಕ್ಕದ ಮನೆಯಜ್ಜಿ ಹೇಗೆ ಗೋಡೆ ಗುದ್ದುತ್ತಿದ್ದಳು ಎಂದು ಅವಳು ಹೇಳತೊಡಗಿದಳು.