ದೇಶ ಸುತ್ತಿದ ಇಟ್ಟಿಗೆ

ಬಲಗಡೆಯ ಚಕ್ರ ಕೆಮ್ಮುತ್ತಿದೆ, ಎಡಗಡೆಯದು ಬೆಣ್ಣೆ, ಬಲಗಡೆಯದು ಮಾತ್ರ ಕಲ್ಲುಹಾಸಿನ ಸಂದು ಬಂದಾಗಲೆಲ್ಲ ಒಂದು ಸಲ ಕೆಮ್ಮಿ ಸುಮ್ಮನಾಗುತ್ತದೆ, ಪರವಾಗಿಲ್ಲ, ಭಾರ ಹೊತ್ತವರು ಅಷ್ಟೂ ಕೆಮ್ಮದಿದ್ದರೆ ಹೇಗೆ — ಯಜಮಾನರು ಹೇಳುತ್ತಾರಲ್ಲ, ಬಾಯಿ ಸುಳ್ಳು ಹೇಳೀತು, ಚಕ್ರ ಹೇಳಲ್ಲ ಕಣಮ್ಮ, ಹೊಟ್ಟೆ ತುಂಬಿಸಿ ನಾಲ್ಕು ಹೆಜ್ಜೆ ನಡೆಸು, ಒಳಗಿರೋದೆಲ್ಲ ಕಕ್ಕಿಬಿಡುತ್ತೆ, ಅದಕ್ಕೇ ಅವರ ಅಂಗಡಿಯಲ್ಲಿ ರಿಪೇರಿಯಾದ ಪ್ರತಿ ಸೂಟ್‌ಕೇಸಿಗೂ ನಾಲ್ಕು ಇಟ್ಟಿಗೆ ತುಂಬಿ, ಬೀದಿಯ ಕೊನೆಯ ಅಂಚೆ ಡಬ್ಬದವರೆಗೆ ಎಳೆದುಕೊಂಡು ಹೋಗಿ, ಡಬ್ಬ ಮುಟ್ಟಿ, ತಿರುಗಿ ಬರುವುದು ಪದ್ಧತಿ, ಆ ಕೆಲಸ ಅವಳದು, ಶಾಲೆ ಬಿಟ್ಟು ಇಲ್ಲಿಗೆ ಸೇರಿದ ದಿನದಿಂದ ಅವಳದೇ, ಎಷ್ಟು ಜನರ ಸೂಟ್‌ಕೇಸುಗಳನ್ನು ಅಂಚೆ ಡಬ್ಬಕ್ಕೆ ಪ್ರವಾಸ ಮಾಡಿಸಿದ್ದಾಳೋ ದೇವರಿಗೇ ಗೊತ್ತು, ಮತ್ತೆ ಆ ಗಡಿಯಾರ ರಿಪೇರಿಯ ತಾತ, ಕಣ್ಣಿಗೆ ಆ ಕಪ್ಪು ಕೊಳವೆ ಗಾಜು ಸಿಕ್ಕಿಸಿಕೊಂಡೇ ತಲೆ ಎತ್ತಿ, ಏನಮ್ಮ, ಇವತ್ತು ಯಾವ ದೇಶಕ್ಕೆ ಅಂತ ಕೇಳುತ್ತಾನೆ, ದಿನಾ ಅದೇ ಮಾತು, ದಿನಾ ಅವಳದೂ ಅದೇ ನಗು, ಹಲ್ಲು ಕಾಣದ ಹಾಗೆ, ಉತ್ತರ ಮಾತ್ರ ಇಲ್ಲ, ಇವತ್ತು ಉತ್ತರ ಇದೆ, ನಾಲಿಗೆಯ ಮೇಲೇ ಇದೆ, ಆದರೆ ಹೇಳಿದರೆ ಉಫ್ ಅಂತ ಹಾರಿಹೋಗುವ ಉತ್ತರ ಅದು, ಬೇಡ, ಬಾಯಿ ಮುಚ್ಚಿಕೊಂಡು ನಡಿ. ದೇಶ ಸುತ್ತು ಇಲ್ಲ ಕೋಶ ಓದು ಅಂತ ಗೋಡೆಯ ಮೇಲೆ ಬರೆಸಿದ್ದರು ಶಾಲೆಯಲ್ಲಿ, ಅಮ್ಮ ಹಾಸಿಗೆ ಹಿಡಿದಾಗ ಕೋಶ ಅರ್ಧಕ್ಕೇ ನಿಂತಿತು, ಗೋಡೆಯ ಮೇಲೆ ಇನ್ನೂ ಅರ್ಧ ಉಳಿದಿದೆಯಲ್ಲ ಅಂತ ಅವಳು ಆವತ್ತು ಚೀಲ ಹೆಗಲಿಗೇರಿಸಿಕೊಂಡು ಬರುವಾಗ ಅಂದುಕೊಂಡಿದ್ದಳು, ಯಾರಿಗೂ ಹೇಳಿರಲಿಲ್ಲ, ಅವಳು ಯಾರಿಗೆ ಏನು ತಾನೇ ಹೇಳಿದ್ದಾಳೆ.

ಬೆಳಿಗ್ಗೆಯೂ ಹೇಳಲಿಲ್ಲ, ಅದೇ ತಪ್ಪು, ಅಕ್ಕ ಒಲೆಯ ಮುಂದೆ ನಿಂತು ಒಂದು ಕೈಯಲ್ಲಿ ಪಾಪುವಿನ ಹಾಲು ಆರಿಸುತ್ತ, ಐದು ದೇಶ ಕಣೇ, ಒಂಬತ್ತೇ ದಿನ, ಬಸ್ಸಲ್ಲೇ ಎಲ್ಲ, ಇಳಿಯೋದು ಫೋಟೋ ತೆಗೆಯೋದು ಹತ್ತೋದು ಅಂದಾಗ, ಭಾವ ಶೂ ಲೇಸು ಕಟ್ಟುತ್ತ, ಗುಂಪಲ್ಲಿ ಹೋದ್ರೆ ಅಗ್ಗ, ಹೇಗೂ ಕೂಡಿಟ್ಟಿದ್ದೀಯಲ್ಲ, ನಿನ್ನ ಪಾಲು ನೀನು ಹಾಕು ಅಂದಾಗ, ಭಾವನ ತಾಯಿ ಕುರ್ಚಿಯಿಂದಲೇ, ಹುಡುಗಿ ಬಂದ್ರೆ ನನಗೂ ಒಂದು ಆಸರೆ, ಹಿಮ ಅಂದ್ರೆ ಜಾರುತ್ತಂತೆ, ಕೈ ಹಿಡ್ಕೊಳ್ಳೋಕೆ ಯಾರಾದ್ರೂ ಬೇಕಲ್ಲ ಅಂದಾಗ — ಅವಳು ಏನಂದಳು, ನೋಡೋಣ ಅಂದಳು. ನೋಡೋಣ. ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಇರುವುದು ಅದೊಂದೇ ಮಾತು, ಬೇಡ ಅನ್ನುವ ಜಾಗದಲ್ಲೂ ನೋಡೋಣ, ಬೇಕು ಅನ್ನುವ ಜಾಗದಲ್ಲೂ ನೋಡೋಣ, ಕೇಳಿದವರು ಹೂಂ ಅಂತಲೇ ತಿಳಿಯುತ್ತಾರೆ, ತಿಳಿಯದೆ ಇನ್ನೇನು, ಭಾವ ಆಗಲೇ ಮುಂಗಡ ಕಟ್ಟಲು ಹೊರಟರು, ಅವಳು ಅಂಗಡಿಗೆ ಹೊರಡುವಾಗ ಅಕ್ಕ ಬಾಗಿಲಲ್ಲಿ, ಮಧ್ಯಾಹ್ನ ಫೋನ್ ಮಾಡ್ತೀನಿ ಎತ್ತು ಅಂದಳು, ಮಧ್ಯಾಹ್ನಕ್ಕೇ ಇನ್ನೊಂದೂ ಇದೆ ಅಂತ ಅಕ್ಕನಿಗೆ ಗೊತ್ತಿಲ್ಲ, ಹಿಂದಿನ ಬೀದಿಯ ವಿಮಾನ ಟಿಕೆಟ್ ಆಫೀಸಿನವಳು ನಿನ್ನೆ ಫೋನಿನಲ್ಲಿ, ಮೇಡಂ, ಈ ದರ ನಾಳೆ ಮಧ್ಯಾಹ್ನದವರೆಗೆ ಮಾತ್ರ, ಆಮೇಲೆ ನನ್ನನ್ನು ಬೈಬೇಡಿ ಅಂದಿದ್ದಾಳೆ, ಮೇಡಂ ಅಂದಳು ಅವಳನ್ನು, ನಗು ಬರುತ್ತದೆ, ಮೇಡಮ್ಮಿನ ಎರಡೂ ಹೆಬ್ಬೆರಳುಗಳ ತುಂಬ ಸೂಜಿ ಚುಚ್ಚಿದ ಗುರುತು. ಅಕ್ಕ ಕೆಟ್ಟವಳಲ್ಲ, ಅಮ್ಮ ಹೋದ ಮೇಲೆ ತನ್ನ ಮನೆಯ ಹಜಾರದಲ್ಲಿ ಮಂಚ ಹಾಕಿಕೊಟ್ಟವಳು ಅವಳೇ, ಆದರೆ ಕರೆಯುವಾಗ ಕಣ್ಣು ಪಾಪುವಿನ ಮೇಲಿತ್ತು, ಅವಳು ನೋಡಿದಳು, ಎಲ್ಲವನ್ನೂ ನೋಡುತ್ತಾಳೆ, ಮಾತು ಕಡಿಮೆಯಾದವರಿಗೆ ಕಣ್ಣು ಜಾಸ್ತಿ.

ನಾಲ್ಕು ಇಟ್ಟಿಗೆಗಳಲ್ಲಿ ಒಂದು ಪ್ರವಾಸಿ, ಯಜಮಾನರು ಇಟ್ಟ ಹೆಸರು ಅದು, ಆ ಪ್ರವಾಸಿಯನ್ನು ತಗೋ ಅಂತಾರೆ, ಮೂಲೆಯೊಂದು ಮುಕ್ಕಾಗಿದೆ, ಗುರುತು ಸಿಗುತ್ತದೆ, ಒಂದು ಸಲ ಹೆರಿಗೆ ಆಸ್ಪತ್ರೆಯ ನರ್ಸಮ್ಮನ ಸೂಟ್‌ಕೇಸನ್ನು ಡಬ್ಬ ಮುಟ್ಟಿಸಿ ತಂದು, ಮೂರು ಇಟ್ಟಿಗೆ ತೆಗೆದು, ತಳದ ಒಳಬಟ್ಟೆಯ ಜಿಪ್ಪಿನ ಕೆಳಗೆ ಇಟ್ಟಿದ್ದ ನಾಲ್ಕನೆಯದನ್ನು ಮರೆತೇ ಬಿಟ್ಟಿದ್ದಳು, ಇಂಥ ತಪ್ಪು ಈ ಅಂಗಡಿಯಲ್ಲದೆ ಇನ್ನೆಲ್ಲಿ ನಡೆದೀತು, ಇಟ್ಟಿಗೆ ವಿಮಾನ ಹತ್ತಿತು, ಮೋಡ ದಾಟಿತು, ಒಂದು ದಿನ ನರ್ಸಮ್ಮ ಬಂದು ಧಪ್ ಅಂತ ಮೇಜಿನ ಮೇಲಿಟ್ಟು, ತಗೊಳ್ಳಿ ನಿಮ್ಮ ಕೂಸು, ಕ್ಷೇಮವಾಗಿ ಹೋಗಿ ಬಂತು, ನಾನೂ ಆಯುಷ್ಯವೆಲ್ಲ ಕೂಸುಗಳನ್ನ ಎತ್ತಿದ್ದೀನಿ, ಇಷ್ಟು ಸುಮ್ಮನಿರೋದನ್ನ ನೋಡಿರಲಿಲ್ಲ ಅಂದರು, ಯಜಮಾನರ ಮುಖ ಸುಣ್ಣದ ಗೋಡೆ, ಅವಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತ್ತು, ನರ್ಸಮ್ಮ ಮಾತ್ರ ಸ್ಟೂಲು ಎಳೆದುಕೊಂಡು ಕೂತು, ಹೆಚ್ಚಿನ ಭಾರ ಅಂತ ದುಡ್ಡು ಕಟ್ಟಿಸ್ಕೊಂಡ್ರು ಕಣ್ರೀ, ಸ್ವೆಟರ್ ಇಷ್ಟು ತೂಗುತ್ತಾ ಅಂತ ಬೈಕೊಂಡು ಕಟ್ಟಿದೆ, ಅಲ್ಲಿ ಹೋಗಿ ಬಿಚ್ಚಿದ್ರೆ ಇದು, ಬಿಸಾಡೋಣ ಅಂದ್ರೆ ದುಡ್ಡು ಕೊಟ್ಟು ತಂದಿದ್ದಲ್ವಾ, ಮನಸ್ಸು ಬರ್ಲಿಲ್ಲ, ಗಾಳಿ ಊರು ಅದು, ಬಾಗಿಲು ಪಟಪಟ ಬಡ್ಕೊಳ್ಳೋದು, ಇದನ್ನೇ ಒತ್ತಿಟ್ಟೆ, ಇದಿಲ್ದಿದ್ರೆ ಅಲ್ಲಿ ನನಗೆ ನಿದ್ದೇನೇ ಇಲ್ಲ ಅಂದರು, ಬೆರಳು ತೋರಿಸಿದರು, ಇಟ್ಟಿಗೆಯ ನಡುವೆ ಅಚ್ಚಿನ ತಗ್ಗು ಇರುತ್ತದಲ್ಲ, ಅದರ ತುಂಬ ಮರಳು, ಕಪ್ಪು ಮರಳು, ಬೂದಿಯಲ್ಲ ಇದ್ದಿಲಲ್ಲ, ಬಿಸಿಲಿಗೆ ಹಿಡಿದರೆ ಕಣ್ಣು ಮಿಟುಕಿಸುವ ಕಪ್ಪು. ಅವಳು ಎಷ್ಟೋ ಚಕ್ರಗಳಿಂದ ಎಷ್ಟೋ ಊರುಗಳನ್ನು ಸೂಜಿಯಲ್ಲಿ ಕೆದಕಿ ತೆಗೆದಿದ್ದಾಳೆ, ಕೆಂಪು ಮಣ್ಣು, ಯಾವುದೋ ಮರದ ಒಣ ಸೂಜಿ ಎಲೆ, ಮದುವೆ ಮನೆಯ ಮಿಂಚು ಕಾಗದ, ಎಲ್ಲವನ್ನೂ ಗುಡಿಸಿ ಕಸದ ಬುಟ್ಟಿಗೆ ಹಾಕಿದ್ದಾಳೆ, ಆ ಕಪ್ಪನ್ನು ಗುಡಿಸಲಾಗಲಿಲ್ಲ, ಪ್ರವಾಸಿಯನ್ನು ಆವತ್ತಿನಿಂದ ತೊಳೆದೂ ಇಲ್ಲ. ಎಲ್ಲಿ ಇದು ಅಂತ ಕೇಳಿದಳು, ಅವಳಾಗಿ ಕೇಳಿದ್ದು, ಯಜಮಾನರು ತಿರುಗಿ ನೋಡಿದರು ಈ ಹುಡುಗಿಗೆ ದನಿ ಇದೆಯಾ ಅಂತ, ನರ್ಸಮ್ಮ ಹೇಳಿದರು, ಬಂಡೆಗೆ ಕೊರೆದ ಮೆಟ್ಟಿಲು, ಇಳೀತಾನೇ ಇರ್ಬೇಕು, ಕೆಳಗೆ ಕಡಲು, ದಡ ಇಡೀ ಕಪ್ಪು, ನನ್ನ ಮಂಡಿ ಕೇಳ್ತಾ, ಕುಂಡಿಯ ಮೇಲೆ ಕೂತು ಕೂತು ಇಳಿದೆ, ಹತ್ತೋಕೆ ಪೂರ್ತಿ ಮಧ್ಯಾಹ್ನ ಹಿಡೀತು, ನಿನ್ನ ವಯಸ್ಸಲ್ಲೇ ಹೋಗ್ಬೇಕಿತ್ತು, ಆಗ ಬೇರೆ ಊರುಗಳನ್ನ ನೋಡ್ಕೊಂಡು ಕೂತೆ.

ಅವಳ ಆಸೆ ಒಂದಾ ಎರಡಾ, ದೋಣಿಯೇ ಬಸ್ಸಾಗಿರುವ ಊರು, ವಾರಗಟ್ಟಲೆ ಓಡುವ ರೈಲು, ಆಮೇಲೆ ಈ ಕಪ್ಪು ದಡ, ಯಾವುದು ಮೊದಲು ಅಂತ ತಿಂಗಳುಗಟ್ಟಲೆ ತಲೆಯೊಳಗೆ ಜಗಳ, ಕೊನೆಗೆ ನರ್ಸಮ್ಮ ಇನ್ನೊಮ್ಮೆ ಬಂದಾಗ ಅದನ್ನೂ ಹೇಳಿಬಿಟ್ಟಳು, ತಲೆ ತಗ್ಗಿಸಿಕೊಂಡು ಅವರ ಸೂಟ್‌ಕೇಸಿನ ಹಿಡಿ ಹೊಲಿಯುತ್ತ, ನರ್ಸಮ್ಮ ನಕ್ಕು, ಅಯ್ಯೋ ಅದಕ್ಯಾಕೆ ತಲೆ ಕೆಡಿಸ್ಕೊಳ್ತೀಯ, ಕಾಲು ಕೇಳೋ ಊರಿಗೆ ಮೊದಲು ಹೋಗು, ಕುಂಡಿ ಕೇಳೋ ಊರಿಗೆ ಮುದುಕಿಯಾದ ಮೇಲೆ ಹೋದ್ರಾಯ್ತು, ದೋಣಿ ಕಾಯುತ್ತೆ, ರೈಲು ಕಾಯುತ್ತೆ, ಮಂಡಿ ಕಾಯಲ್ಲ ಅಂದರು, ಯಜಮಾನರಿಗೆ ಕೆಮ್ಮು ಬಂದಿತ್ತು, ಅವಳಿಗೆ ಮಾತ್ರ ತಲೆಯೊಳಗಿನ ಜಗಳ ಅಲ್ಲಿಗೇ ತಣ್ಣಗಾಯಿತು, ಆಮೇಲೆ ನರ್ಸಮ್ಮ, ಗಾಳಿ ಕಾಲದಲ್ಲಿ ಹೋಗು, ಯಾರೂ ಬರಲ್ಲ, ಕೋಣೆ ಬಾಡಿಗೆ ಅರ್ಧ, ಕಡಲು ಅದೇ, ಒಲೆ ಇರೋ ಕೋಣೆ ತಗೋ, ಬೇಯಿಸ್ಕೊಂಡು ತಿನ್ನು, ಇಟ್ಟಿಗೆ ಒಯ್ಯಬೇಡ ಅಂದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಭಾವ ಯಾವಾಗಲೂ ಹೇಳುತ್ತಾರೆ, ಸರಿ, ಅವಳು ಕಾಲು ಚಾಚಲಿಲ್ಲ, ಹಾಸಿಗೆಯನ್ನೇ ಉದ್ದ ಹೊಲಿಯುತ್ತ ಬಂದಳು, ಬಸ್ಸು ಬಿಟ್ಟು ನಡೆದಳು, ಕೂದಲು ತಾನೇ ಕತ್ತರಿಸಿಕೊಂಡಳು, ಒಂದು ಕಿವಿ ಕಾಣುವಷ್ಟು ವಾರೆಯಾಗಿ, ಅಕ್ಕ ಇದೇನೇ ಇಲಿ ಕಡಿದ ಹಾಗೆ ಅಂದಳು, ಯಾರೂ ಒಪ್ಪದ ಕಬ್ಬಿಣದ ಜಿಪ್ಪುಗಳ ಕೆಲಸವನ್ನು ಭಾನುವಾರ ಒಪ್ಪಿಕೊಂಡಳು, ಯಾರೂ ಕೇಳಿ ಬಾರದ ಹಳೇ ಸೂಟ್‌ಕೇಸಿನ ಬಟ್ಟೆಯಿಂದ ಸೀಟಿನ ಕೆಳಗೆ ಹಿಡಿಸುವ ಚೀಲ ಹೊಲಿದುಕೊಂಡಳು, ಲಗೇಜಿನ ದುಡ್ಡು ಉಳಿಯಲಿ ಅಂತ, ಯಜಮಾನರು ಅದನ್ನು ತಿರುಗಿಸಿ ನೋಡಿ, ಹೊಲಿಗೆ ಜಗ್ಗಿ ನೋಡಿ, ಗಾಳಿ ಕಾಲದಲ್ಲಿ ಇಲ್ಲೂ ಗಿರಾಕಿ ಕಡಿಮೆ, ಇಟ್ಟಿಗೆ ಹೋಗಿ ಬಂತು, ನೀನೂ ಹೋಗಿ ಬಾ ಅಂದರು, ಅಷ್ಟೇ, ರಜೆಯ ಮಾತು ಅಲ್ಲಿಗೆ ಮುಗಿಯಿತು. ಐದು ದೇಶ ಒಂಬತ್ತು ದಿನ — ಬಸ್ಸಿನ ಗಾಜಿನಿಂದ, ತೊಡೆಯ ಮೇಲೆ ಪಾಪು, ತೋಳಿಗೆ ಭಾವನ ತಾಯಿ — ಅದು ಕುಂಡಿಯ ಪ್ರವಾಸ, ಅದೂ ಇನ್ನೊಬ್ಬರ ಕುಂಡಿಯದು, ಛೆ, ಇಂಥ ಮಾತು ತಲೆಗೆ ಬಂತಲ್ಲ, ಬರಲಿ ಬಿಡು, ಡಬ್ಬ ಬಂತು.

ಅಂಚೆ ಡಬ್ಬ, ಕೆಂಪು ಬಣ್ಣ ಅವಳ ಅಂಗೈ ತಾಗಿ ತಾಗಿ ಒಂದು ಕಡೆ ಸವೆದಿದೆ, ಮುಟ್ಟು, ತಿರುಗು, ಕಾಲಿಗೆ ಅಷ್ಟೇ ಗೊತ್ತು, ಬರಿಗೈಯಲ್ಲಿ ಎರಡು ಸಲ ಇದನ್ನು ದಾಟಿ ಆ ಆಫೀಸಿನ ಮೆಟ್ಟಿಲವರೆಗೆ ಹೋಗಿ ಹೇಡಿಯ ಹಾಗೆ ವಾಪಸ್ಸು ಬಂದಿದ್ದಾಳೆ, ಇವತ್ತು ಕೈಯಲ್ಲಿ ಭಾರ ಇದೆ, ಭಾರ ಹಿಂದಿನಿಂದ ನೂಕುತ್ತದೆ, ಇಳಿಜಾರು ಬೇರೆ, ಮುಟ್ಟಿದಳು, ತಿರುಗಲಿಲ್ಲ, ಬಲಗಡೆಯ ಚಕ್ರ ಕೆಮ್ಮಿತು, ಹಿಂದಿನಿಂದ ಗಡಿಯಾರದ ತಾತ, ಏ ಹುಡುಗಿ, ಡಬ್ಬ ದಾಟಿಬಿಟ್ಯಲ್ಲೇ ಅನ್ನುತ್ತಾನೆ, ದಾಟಿದೆ ತಾತ, ಇಷ್ಟು ವರ್ಷಕ್ಕೆ ಮೊದಲ ಉತ್ತರ, ಅವನಿಗೆ ಕೇಳಿಸಿತೋ ಇಲ್ಲವೋ, ತಿರುಗಿ ನೋಡಬಾರದು, ನೋಡಿದರೆ ಕಾಲು ಅಂಗಡಿ ಕಡೆಗೇ ಎಳೆಯುತ್ತದೆ. ಆಫೀಸಿನ ಬಾಗಿಲಲ್ಲಿ ಕಾವಲಿನವನು, ಮೀಸೆಯಷ್ಟೂ ಬಿಳಿ, ಪೆಟ್ಟಿಗೆ ತೆಗೀರಿ ಅಂದ, ತೆಗೆದಳು, ಅವನು ಬಗ್ಗಿ ನೋಡಿ, ಮತ್ತೆ ಅವಳ ಮುಖ ನೋಡಿ, ಏನಮ್ಮ ಇದು, ಮನೆ ಕಟ್ಟೋಕೆ ಹೊರಟ್ಯಾ ಅಂದ, ಅಲ್ಲ, ಚಕ್ರ ಪರೀಕ್ಷೆ ಅಂದಳು, ಕಿವಿ ಸುಡುತ್ತಿದೆ, ಅವನು ಒಂದೊಂದನ್ನೂ ಎತ್ತಿ ತೋರಿಸು ಅನ್ನುವ ಹಾಗೆ ಕೈ ಮಾಡಿದ, ಅವಳೇ ಎತ್ತಿ ತೋರಿಸಿದಳು, ಕೊನೆಯದು ಪ್ರವಾಸಿ, ಬೆರಳು ತಾನಾಗಿ ಆ ತಗ್ಗಿಗೆ ಹೋಯಿತು, ಇನ್ನೂ ಇದೆ, ಮೂಲೆಯಲ್ಲಿ ಸ್ವಲ್ಪ, ಒರಟು, ತಣ್ಣಗೆ, ಇದು ಬೇರೆ ಥರ ಯಾಕಿದೆ ಅಂದ ಕಾವಲಿನವನು, ಇದು ಪರದೇಶಕ್ಕೆ ಹೋಗಿ ಬಂದಿದೆ ಅಂದಳು, ಅವನು ನಗಬೇಕೋ ಬೇಡವೋ ಗೊತ್ತಾಗದೆ ಬಾಗಿಲು ತೆರೆದು ಹಿಡಿದ.

ಒಳಗೆ ತಂಪು, ಗೋಡೆ ತುಂಬ ನೀಲಿ ಕಡಲುಗಳು, ಒಂದೂ ಕಪ್ಪಿಲ್ಲ, ಟಿಕೆಟ್ಟಿನವಳು ಅವಳಿಗಿಂತ ಚಿಕ್ಕವಳೇ ಇರಬೇಕು, ಒಬ್ಬರೇನಾ ಮೇಡಂ, ಇಬ್ಬರಾದ್ರೆ ಜೋಡಿ ಪ್ಯಾಕೇಜ್ ಇದೆ, ಊಟ ತಿಂಡಿ ಎಲ್ಲ ಸೇರಿ ಅಂದಳು, ಒಬ್ಬಳೇ, ಬರೀ ಟಿಕೆಟ್ ಅಂದಳು, ಟಿಕೆಟ್ಟಿನವಳ ಬೆರಳು ಟಕಟಕ ಬಡಿದು ನಿಂತಿತು, ಅಯ್ಯೋ, ನಿನ್ನೆ ಹೇಳಿದ ವಿಮಾನ ತುಂಬಿಹೋಗಿದೆ, ಅದೇ ದರಕ್ಕೆ ಇನ್ನೊಂದಿದೆ, ಆದ್ರೆ ನಡುವೆ ಒಂದು ಊರಲ್ಲಿ ರಾತ್ರಿಯೆಲ್ಲ ವಿಮಾನ ನಿಲ್ದಾಣದಲ್ಲೇ ಕಾಯ್ಬೇಕಾಗುತ್ತೆ, ಬೇಡ ಅನ್ಸುತ್ತೆ ಅಲ್ವಾ, ನೇರ ಹೋಗೋದು ತೋರಿಸ್ಲಾ, ಸ್ವಲ್ಪ ಜಾಸ್ತಿ — ನೋ… ಅಂತ ಅವಳ ಬಾಯಿ ತೆರೆಯಿತು, ನೋಡೋಣ ಅನ್ನಲು ನಾಲಿಗೆ ಹಲ್ಲಿನ ಹಿಂದೆ ಬಂದು ನಿಂತಿತು, ಅಷ್ಟರಲ್ಲಿ ಫೋನು, ಅಕ್ಕ, ಎಲ್ಲಿದ್ದೀಯೇ, ಭಾವ ಅಲ್ಲಿ ಕ್ಯೂನಲ್ಲಿ ನಿಂತಿದ್ದಾರೆ, ಮುಂಗಡಕ್ಕೆ ನಿನ್ನ ಕಾರ್ಡ್ ನಂಬರ್ ಬೇಕಂತೆ, ಬೇಗ ಹೇಳು, ಅವಳು ಉಸಿರು ತೆಗೆದುಕೊಂಡಳು, ನಾನು ಬರಲ್ಲ ಅಕ್ಕ. ಆ ಕಡೆ ಪಾಪು ಚಮಚ ಬಡಿಯುವ ಸದ್ದು. ಬರಲ್ಲ ಅಂದ್ರೆ, ನೋಡೋಣ ಅಂದ್ಯಲ್ಲ, ಅಂದೆ ಅಕ್ಕ, ಬೇಡ ಅನ್ನೋಕೆ ಬರ್ಲಿಲ್ಲ, ನಾನು ಬೇರೆ ಊರಿಗೆ ಹೋಗ್ತಿದ್ದೀನಿ, ಒಬ್ಬಳೇ, ಈಗ ಟಿಕೆಟ್ ತಗೊಳ್ತಿದ್ದೀನಿ, ಹಾಗಾದ್ರೆ ಪಾಪುನ ಯಾರು ಹಿಡ್ಕೊಳ್ತಾರೆ ಅಂದಳು ಅಕ್ಕ, ಅಂದವಳೇ ನಿಲ್ಲಿಸಿದಳು, ಇಬ್ಬರೂ ಆ ಮಾತನ್ನು ಕೇಳಿಸಿಕೊಂಡರು, ಚಮಚದ ಸದ್ದು ನಿಂತಿತು, ಕೈಯಿಂದ ಕಸಿದುಕೊಂಡಿರಬೇಕು, ಅಕ್ಕ ದನಿ ಬೇರೆಯಾಗಿ, ಚಳಿ ಊರಾ ಅದು, ಗಾಳಿ ಊರು ಅಕ್ಕ, ನಿನ್ನ ಹತ್ರ ಸ್ವೆಟರ್ ಎಲ್ಲಿದೆ, ನನ್ನ ಬೂದುಬಣ್ಣದ್ದು ತಗೊಂಡು ಹೋಗು, ಭಾವಂಗೆ ನಾನು ಹೇಳ್ಕೊಳ್ತೀನಿ, ಆ ತಲೆಕೂದಲಿಗೂ ಏನಾದ್ರೂ ಮಾಡ್ಕೋ, ಪಾಸ್‌ಪೋರ್ಟಲ್ಲಿ ಇರೋಳು ನೀನಲ್ಲ ಅಂದುಬಿಟ್ಟಾರು, ಫೋನು ಇಟ್ಟಳು, ಕಣ್ಣು ಉರಿಯುತ್ತಿದೆ, ಟಿಕೆಟ್ಟಿನವಳು ಕಾಯುತ್ತಿದ್ದಾಳೆ, ರಾತ್ರಿ ಕಾಯೋದೇ ಕೊಡಿ, ಕೂತ್ಕೊಳ್ಳೋಕೆ ನನಗೇನು ಅಂದಳು, ಲಗೇಜ್ ಎಷ್ಟು ಮೇಡಂ ಅಂತ ಟಿಕೆಟ್ಟಿನವಳು ಸೂಟ್‌ಕೇಸಿನ ಕಡೆ ಕತ್ತು ಚಾಚಿದಳು, ಇಲ್ಲ, ಇದು, ಇದು ನನ್ನದಲ್ಲ, ಕೈಚೀಲ ಒಂದೇ. ಕಾರ್ಡಿನ ಪುಟ್ಟ ಯಂತ್ರ ಅವಳ ಕಡೆಗೆ ತಿರುಗಿತು, ನಿಮ್ಮ ಗುಟ್ಟಿನ ನಂಬರ್ ಒತ್ತಿ ಅಂದಳು, ಯಜಮಾನರು ಬಾಗಿಲಿಗೆ ಬಂದು ಬೀದಿ ನೋಡುತ್ತಿರುತ್ತಾರೆ, ಡಬ್ಬ ಮುಟ್ಟೋಕೆ ಇಷ್ಟು ಹೊತ್ತಾ ಅಂತ, ಹೋದ ಮೇಲೆ ಹೇಳಬೇಕು, ಬಲಗಡೆಯ ಚಕ್ರದ ಕೆಮ್ಮಿಗೆ ಒಂದು ತೊಟ್ಟು ಎಣ್ಣೆ, ಅಕ್ಕನ ಬೂದು ಸ್ವೆಟರು, ಬಂಡೆಯ ಮೆಟ್ಟಿಲು, ಮಂಡಿ, ಅವಳ ಮಂಡಿ ಗಟ್ಟಿಯಾಗಿದೆ, ಬೆರಳು ಎತ್ತಿದಳು, ಎತ್ತಿದ್ದು ಅಲ್ಲೇ ನಿಂತಿತು, ಬೆರಳ ತುದಿಯಲ್ಲಿ, ಸೂಜಿ ಚುಚ್ಚಿದ ಗುರುತುಗಳ ನಡುವೆ ಅಂಟಿಕೊಂಡಿದೆ, ದೀಪಕ್ಕೆ ಕಣ್ಣು ಮಿಟುಕಿಸುತ್ತಿದೆ, ಕಪ್ಪು ಮರಳು, ಒಂದೇ ಕಣ, ಒರೆಸಲಿಲ್ಲ, ಹಾಗೇ ಒತ್ತಿದಳು, ಕಪ್ಪು ಮರಳು —